ಕದ್ರಿ ಗೋಪಾಲನಾಥರ ಹೆಸರಲ್ಲಿ ಜಗಳವಾಡುವ ವಾಲಗದವರಿಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ನಾದಸ್ವರ, ಸ್ಯಾಕ್ಸೋಫೋನ್, ಡೋಲು ಕಲಾವಿದರಿಗೆ,



ನಾನು ನುಡಿಸುವವನಲ್ಲ, ಬರೀ ಕೇಳುವವನು. ಮದುವೆಗೆ ಹೋದರೆ ಗಂಡಿನ ಕಡೆಯವರನ್ನೋ ಹೆಣ್ಣಿನ ಕಡೆಯವರನ್ನೋ ಮಾತಾಡಿಸುವ ಮೊದಲು ವಾಲಗದವರ ಪಕ್ಕ ಕುರ್ಚಿ ಖಾಲಿ ಇದೆಯಾ ಎಂದು ನೋಡಿಕೊಳ್ಳುವ ಪೈಕಿ. ಹಾಗೆ ಪಕ್ಕದಲ್ಲಿ ಕೂತೂ ಕೂತೂ, ಧಾರೆ ಮುಗಿದು ನೀವು ಕಾಫಿ ಕುಡಿಯುವ ಹೊತ್ತಿಗೆ ನಿಮ್ಮ ನಿಮ್ಮಲ್ಲೇ ಏಳುವ ತಕರಾರುಗಳೂ ಕಿವಿಗೆ ಬಿದ್ದಿವೆ. ರೇಟಿನದು, ಅಡ್ವಾನ್ಸಿನದು, ಡೋಲಿನವನು ಲಗ್ನದ ದಿನವೇ ಬೇರೆ ಸೆಟ್ಟಿಗೆ ಹಾರಿದ್ದು, ಇವೆಲ್ಲ ನನಗೆ ಸಂಬಂಧಪಡದ ವಿಷಯ. ಆದರೆ ಒಂದು ತಕರಾರು ಹುಣಸೂರಿನ ಛತ್ರದಲ್ಲೂ ಕೇಳಿದೆ, ಕೋಟೆ ಕಡೆಯ ಮದುವೆಯಲ್ಲೂ ಕೇಳಿದೆ, ಚುಂಚನಕಟ್ಟೆ ಜಾತ್ರೆಯಲ್ಲೂ ಕೇಳಿದೆ. ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರಿಗೆ ಸಿಕ್ಕ ಹೆಸರು ಅವರ ಯೋಗ್ಯತೆಗೆ ತಕ್ಕದ್ದೋ, ಅತಿಯಾಯಿತೋ? 2019ರ ಅಕ್ಟೋಬರ್ 11ರಂದು ಅವರು ಮಂಗಳೂರಿನಲ್ಲಿ ತೀರಿಕೊಂಡರು. ಜಗಳ ಮಾತ್ರ ಇನ್ನೂ ಬಿಸಿಯಾಗಿಯೇ ಇದೆ.

ನಿಮ್ಮ ಹಿರಿಯರು ಹೇಳುವುದು ಒಂದೇ ಮಾತು: "ಅವರು ಬಂದಮೇಲೇ ನಮ್ಮ ವಾದ್ಯಕ್ಕೆ ಕುತ್ತು ಬಂದಿದ್ದು. ಪೀಪಿ ಹಿಡಿದೋನ್ನ ಬಾಗ್ಲಲ್ಲಿ ನಿಲ್ಲಿಸ್ತಾರೆ, ಸ್ಯಾಕ್ಸ್ ಹಿಡಿದೋನಿಗೆ ಸ್ಟೇಜ್ ಹಾಕ್ತಾರೆ." ಹುಡುಗರಿಗೆ ಅವರು ದೇವರು. ಸ್ಯಾಕ್ಸೋಫೋನ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅವರ ಫೋಟೊ ಅಂಟಿಸಿಕೊಂಡವರನ್ನೂ ನೋಡಿದ್ದೇನೆ. ಇನ್ನು ಮೈಸೂರಿಗೆ ಹೋಗಿ ನಾಲ್ಕಕ್ಷರ ಸಂಗೀತ ಓದಿಕೊಂಡು ಬಂದ ಕೆಲವರಿದ್ದಾರಲ್ಲ, ಅವರು ಮೂಗು ಮುರಿಯುತ್ತಾರೆ. ಇತ್ತ ಕರ್ನಾಟಕ ಸಂಗೀತವೂ ಪೂರ್ತಿ ಅಲ್ಲ, ಅತ್ತ ಜಾಜೂ ಅಲ್ಲ, ಹೊಳೆಯುವ ವಾದ್ಯ ಹೊಳೆಯುವ ಅಂಗಿ ನೋಡಿ ಜನ ಮರುಳಾದರು ಅಷ್ಟೆ, ಎಂಬುದು ಅವರ ತೀರ್ಪು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಹೆಸರು ಅವರಿಗೆ ಸಲ್ಲಬೇಕಾದದ್ದೇ. ಆದರೆ ನೀವೆಲ್ಲ ಅದನ್ನು ತಪ್ಪು ಖಾತೆಗೆ ಜಮಾ ಮಾಡಿಕೊಂಡು ಕೂತಿದ್ದೀರಿ. ಹಿರಿಯರು ಅದು ನಾದಸ್ವರದ ಎದುರಾಳಿಯ ಗೆಲುವು ಅಂದುಕೊಂಡಿದ್ದಾರೆ, ಹುಡುಗರು ಸ್ಯಾಕ್ಸೋಫೋನಿನ ಮಹಿಮೆ ಅಂದುಕೊಂಡಿದ್ದಾರೆ. ನನ್ನ ಕಿವಿಗೆ ಮಾತ್ರ ಆ ಕೀರ್ತಿಯಲ್ಲಿ ಮುಕ್ಕಾಲು ಪಾಲು ನಾದಸ್ವರದ್ದು.

ಯಾಕೆ ಅಂತೀರಾ? ಗೋಪಾಲನಾಥರು ಹುಟ್ಟಿದ್ದು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ, 1949ರಲ್ಲಿ. ತಂದೆ ತನಿಯಪ್ಪನವರು ನಾದಸ್ವರ ನುಡಿಸುತ್ತಿದ್ದವರು. ಮಗನ ಕೈಗೆ ಮೊದಲು ಬಂದದ್ದೂ ಅದೇ. ನಿಮ್ಮ ಮನೆಗಳಲ್ಲಿ ನಡೆದದ್ದೇ ಅಲ್ಲೂ ನಡೆದದ್ದು: ಅಪ್ಪನ ಹಿಂದೆ ದೇವಸ್ಥಾನ, ಉತ್ಸವ, ಮದುವೆ. ಆಮೇಲೆ ಒಂದು ದಿನ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಆ ನಾದಕ್ಕೆ ಸೋತರು. ಅದನ್ನು ಪಳಗಿಸಲು ಸುಮಾರು 20 ವರ್ಷ ಹಿಡಿಯಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಈ ಎರಡನೆಯ ಗುರುಗಳು ಮೃದಂಗದಲ್ಲಿ ಎಷ್ಟು ದೊಡ್ಡವರೋ ಹಾಡುಗಾರಿಕೆಯಲ್ಲೂ ಅಷ್ಟೇ ದೊಡ್ಡವರು. ಅಂದರೆ ಸ್ಯಾಕ್ಸೋಫೋನ್ ಹೇಗೆ ಊದಬೇಕು ಎಂದು ಇವರು ಹೇಳಿಕೊಟ್ಟಿರಲಾರರು, ಹೇಗೆ ಹಾಡಬೇಕು ಎಂದು ಹೇಳಿಕೊಟ್ಟಿರಬೇಕು. ಊದುವುದು ಅಪ್ಪನಿಂದಲೇ ಬಂದಿತ್ತು.

ಇಲ್ಲಿ ಹುಡುಗರಿಗೆ ಒಂದು ಮಾತು. "ಕರ್ನಾಟಕ ಸಂಗೀತವನ್ನು ಸ್ಯಾಕ್ಸೋಫೋನಿನಲ್ಲಿ ಮೊಟ್ಟಮೊದಲು ನುಡಿಸಿದವರು ಕದ್ರಿ" ಎಂದು ನೀವು ಹೇಳುವುದನ್ನು ನಿಲ್ಲಿಸಿ. ಅವರು ಆ ವಾದ್ಯ ಕೇಳಿದ್ದೇ ಅರಮನೆ ಬ್ಯಾಂಡಿನಲ್ಲಿ ತಾನೆ? ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಇದ್ದ ಹಾಗೆ ಕರ್ನಾಟಕ ಸಂಗೀತ ನುಡಿಸುವ ಬ್ಯಾಂಡೂ ಇತ್ತು. ವಿಲಾಯಿತಿ ವಾದ್ಯ ಹಿಡಿದು ಸಾಲಾಗಿ ನಿಂತು ನಮ್ಮ ಕೀರ್ತನೆಗಳನ್ನು ಬಾರಿಸುತ್ತಿದ್ದರು. ಆ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಇವತ್ತಿಗೂ ಜೀವಂತವಾಗಿದೆ, ದಸರಾದಲ್ಲಿ ನೀವೇ ಕೇಳಿರುತ್ತೀರಿ. ಆ ಬ್ಯಾಂಡಿನವರ ಹೆಸರು ಯಾರ ಬಾಯಲ್ಲೂ ಇಲ್ಲ, ಯಾವ ಪದ್ಮಶ್ರೀಯೂ ಅವರ ಮನೆಗೆ ಬರಲಿಲ್ಲ. ಕೆ.ಆರ್. ನಗರದವರಂತೂ ಇನ್ನೊಂದು ಸಂಗತಿ ನೆನಪಿಟ್ಟುಕೊಳ್ಳಬೇಕು. ಕಾವೇರಿಯ ಪ್ರವಾಹಕ್ಕೆ ಎಡತೊರೆ ಸಿಕ್ಕಿದ ಮೇಲೆ ಕಟ್ಟಿದ ನಿಮ್ಮ ಹೊಸ ಊರು ಯಾರ ಹೆಸರು ಹೊತ್ತಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರು ಹಲವು ವಾದ್ಯ ಬಲ್ಲವರಾಗಿದ್ದರು, ಅವುಗಳಲ್ಲಿ ನಾದಸ್ವರವೂ ಇತ್ತು, ಸ್ಯಾಕ್ಸೋಫೋನೂ ಇತ್ತು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಮಹಾರಾಜರು ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟುಕೊಂಡಿದ್ದರು, ನಾವು ಒಂದೇ ಚಪ್ಪರದಡಿ ಇಡಲಾರದೆ ಒದ್ದಾಡುತ್ತಿದ್ದೇವೆ.

ಹಾಗಾದರೆ ಗೋಪಾಲನಾಥರು ಹೊಸದಾಗಿ ಮಾಡಿದ್ದೇನು? ಬ್ಯಾಂಡಿನ ಸಾಲಿನಿಂದ ಆ ವಾದ್ಯವನ್ನು ಹೊರಗೆಳೆದು, ವೇದಿಕೆಯ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು, ಪಿಟೀಲು ಮೃದಂಗದ ಜತೆ ಎರಡೂವರೆ ಮೂರು ಗಂಟೆಯ ಕಚೇರಿ ಮಾಡಿದರು. ಹೇಳಲು ಸುಲಭ. ಬ್ಯಾಂಡಿನಲ್ಲಿ ಕೃತಿ ನುಡಿಸುವುದು ಬೇರೆ, ಒಂದು ರಾಗವನ್ನು ಒಬ್ಬರೇ ಅರ್ಧ ಗಂಟೆ ಹಿಗ್ಗಿಸುವುದು ಬೇರೆ. ಅದರಲ್ಲೂ ಆ ವಾದ್ಯದಲ್ಲಿ.

ಸ್ವಲ್ಪ ಹತ್ತಿರದಿಂದ ನೋಡೋಣ, ನಿಮಗೆ ಗೊತ್ತಿರುವುದೇ ಆದರೂ ಓದುವ ಬೇರೆಯವರಿಗಾಗಿ. ನಾದಸ್ವರದ ತೂತು ಬರೀ ತೂತು. ಬೆರಳನ್ನು ಪೂರ್ತಿ ಎತ್ತಬಹುದು, ಅರ್ಧ ಎತ್ತಬಹುದು, ಉಗುರಿನಷ್ಟು ಸರಿಸಬಹುದು. ತುಟಿಯಲ್ಲಿ ಪೀಪಿಯನ್ನು ಒತ್ತಿದಷ್ಟೂ ಸ್ವರ ಏರುತ್ತದೆ, ಸಡಿಲ ಬಿಟ್ಟಷ್ಟೂ ಇಳಿಯುತ್ತದೆ. ತೋಡಿ ರಾಗದ ಗಾಂಧಾರ ಎಲ್ಲಿ ತೂಗಬೇಕೋ ಅಲ್ಲಿ ತೂಗುತ್ತದೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ಮಧ್ಯೆ ಕೀಲಿ, ಸರಳು, ಸ್ಪ್ರಿಂಗು, ಮೆತ್ತೆ. ಒತ್ತಿದರೆ ಮುಚ್ಚಿತು, ಬಿಟ್ಟರೆ ತೆರೆಯಿತು. ಅದನ್ನು ಮಾಡಿದ ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದಾಗ ಅವನ ತಲೆಯಲ್ಲಿದ್ದದ್ದು ಸೈನ್ಯದ ಬ್ಯಾಂಡು. ಸ್ವರಗಳು ಸಿಪಾಯಿಗಳ ಹಾಗೆ ತಮ್ಮ ತಮ್ಮ ಜಾಗದಲ್ಲಿ ನೆಟ್ಟಗೆ ನಿಲ್ಲಬೇಕು ಎಂಬುದೇ ಅದರ ಕಟ್ಟುಪಾಡು. ಎರಡು ಸ್ವರದ ನಡುವಿನ ಇಳಿಜಾರಿನಲ್ಲಿ ಬದುಕುವ ನಮ್ಮ ಸಂಗೀತಕ್ಕೆ ಇದಕ್ಕಿಂತ ಹಟಮಾರಿ ವಾದ್ಯ ಸಿಗುವುದು ಕಷ್ಟ.

ಗೋಪಾಲನಾಥರು ಆ ಇಳಿಜಾರನ್ನು ಬೆರಳಿನಲ್ಲಿ ಹುಡುಕಲಿಲ್ಲ, ಬಾಯಲ್ಲಿ ಹುಡುಕಿದರು. ಕೆಳದವಡೆ ಸಡಿಲಿಸಿ, ಕೆಳತುಟಿಯ ಒತ್ತಡ ತಗ್ಗಿಸಿ, ಗಂಟಲು ಅಗಲಿಸಿ ಸ್ವರವನ್ನು ಕೆಳಗೆ ಜಾರಿಸುವುದು. ಕೀಲಿಯನ್ನು ಪೂರ್ತಿ ಬಿಡದೆ ನಡುವೆ ತಡೆಹಿಡಿಯುವುದು. ಒಂದು ಸ್ವರವನ್ನು ಅದರ ಜಾಗದಿಂದ ಶುರುಮಾಡದೆ ಕೆಳಗಿನಿಂದ ಏರಿ ಬಂದು ಹಿಡಿಯುವುದು. ಈ ಕೊನೆಯದ್ದಿದೆಯಲ್ಲ, ಅದು ಅಪ್ಪಟ ನಾದಸ್ವರದ ಚಾಳಿ. ಪೀಪಿ ಊದಿದ ಬಾಯಿಗೆ ಮಾತ್ರ ಅದು ಹುಟ್ಟಾ ಬರುತ್ತದೆ. ಅವರ ಹಳೆಯ ಧ್ವನಿಮುದ್ರಿಕೆಗಳಲ್ಲಿ ಮಂದ್ರದಲ್ಲಿ ನಿಧಾನಕ್ಕೆ ಮಾಡಿದ ಆಲಾಪನೆ ಕೇಳಿ, ಕಣ್ಣು ಮುಚ್ಚಿ. ವಾದ್ಯ ಯಾವುದೆಂಬುದು ಒಂದು ಗಳಿಗೆ ಮರೆತುಹೋಗುತ್ತದೆ, ಉತ್ಸವಮೂರ್ತಿ ಬೀದಿಗೆ ಬಂದ ಹಾಗಿರುತ್ತದೆ. ಹಿರಿಯರೇ, ಅದು ನಿಮ್ಮ ಮನೆಯ ದನಿ.

ಮೂಗು ಮುರಿಯುವವರು ಆ ಜರಿ ಅಂಗಿ, ಉಂಗುರ, ಸರ ಎಲ್ಲವನ್ನೂ ಎತ್ತಿ ಆಡಿಕೊಳ್ಳುತ್ತಾರೆ. ಸಂಗೀತಗಾರನಿಗೆ ಯಾಕಯ್ಯಾ ಆ ಥಳಕು ಎಂದು. ಇದರಲ್ಲಿ ನಾನು ಅವರಿಗೆ ಯಾವ ರಿಯಾಯಿತಿಯನ್ನೂ ಕೊಡುವವನಲ್ಲ. ತಮಿಳುನಾಡಿನ ಟಿ.ಎನ್. ರಾಜರತ್ನಂ ಪಿಳ್ಳೆ ಎಂಬ ನಾದಸ್ವರ ಚಕ್ರವರ್ತಿ ಇದ್ದರು, ಅವರ ತೋಡಿಯನ್ನು ಇವತ್ತಿಗೂ ಜನ ನೆನೆಯುತ್ತಾರೆ. ಅವರೂ ಶೇರ್ವಾನಿ ತೊಟ್ಟು, ಕ್ರಾಪು ಬಿಟ್ಟು, ಒಡವೆ ಹಾಕಿಕೊಂಡು ಮೆರೆದರು. ಯಾಕೆಂದರೆ ಅವರ ಹಿಂದಿನ ತಲೆಮಾರಿನ ವಾದಕರು ಯಜಮಾನರ ಎದುರು ಮೈಮೇಲಿನ ವಸ್ತ್ರ ಸೊಂಟಕ್ಕೆ ಸುತ್ತಿಕೊಂಡು ನಿಲ್ಲಬೇಕಾಗಿತ್ತು. ನಿಂತೇ ನುಡಿಸಬೇಕಾಗಿದ್ದ ವಾದ್ಯದವನು ಕೂತು ನುಡಿಸಿದ್ದು, ಹಾಡುಗಾರನಿಗೆ ಹಾಕಿದಂಥದ್ದೇ ಜಮಖಾನ ತನಗೂ ಹಾಕಬೇಕು ಎಂದು ಕೇಳಿದ್ದು ಸಣ್ಣ ಮಾತಲ್ಲ. ಪಿರಿಯಾಪಟ್ಟಣ, ಕೆ.ಆರ್. ನಗರಕ್ಕೆ ಅಂಟಿಕೊಂಡ ಹಾಗೆ ಕಾವೇರಿ ದಂಡೆಯ ಮೇಲೆ ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್‌ರಂಥ ಮಹಾನುಭಾವರನ್ನು ಕೊಟ್ಟ ಊರು. ಅಲ್ಲಿಂದ ಹೊರಟ ಗಾಯಕರಿಗೆ ಸಭೆಯ ಬಾಗಿಲು ತೆರೆದಿತ್ತು. ಅದೇ ಹೊಳೆಯ ನೀರು ಕುಡಿದ, ಅದೇ ರಾಗಗಳನ್ನು ದೇವರ ಮುಂದೆ ಊದಿದ ನಿಮ್ಮ ಅಜ್ಜಂದಿರಿಗೆ ಸಭೆಯ ಬಾಗಿಲವರೆಗೆ ಮಾತ್ರ ದಾರಿ. ಇದರಲ್ಲಿ ರುದ್ರಪಟ್ಟಣದವರ ವಿದ್ವತ್ತಿನ ತಪ್ಪೇನೂ ಇಲ್ಲ. ಆದರೆ ವಾಲಗದ ಮನೆಯ ಹುಡುಗನೊಬ್ಬ ವೇದಿಕೆಯ ನಡುಮಧ್ಯೆ ಕೂತಾಗ ಒಂದು ಮಿಂಚುವ ಅಂಗಿ ಹಾಕಿಕೊಂಡರೆ, ಅದನ್ನು ಥಳಕು ಅನ್ನುವ ಮೊದಲು ಅವನ ಅಪ್ಪ ಎಲ್ಲಿ ನಿಂತಿದ್ದ ಎಂದು ಒಮ್ಮೆ ನೋಡಬೇಡವೇ?

ಇನ್ನು ಜಾಜ್‌ನ ವಿಷಯ. ಇದನ್ನು ಎತ್ತುವವರು ನಿಮ್ಮಲ್ಲಿ ಕಡಿಮೆ, ಆದರೆ ಎತ್ತಿದಾಗ ಜೋರಾಗಿ ಎತ್ತುತ್ತಾರೆ. ಜಾಜ್ ಸ್ಯಾಕ್ಸೋಫೋನಿನ ದಿಗ್ಗಜರಾದ ಚಾರ್ಲಿ ಪಾರ್ಕರ್ ಎಲ್ಲಿ, ಜಾನ್ ಕೋಲ್ಟ್ರೇನ್ ಎಲ್ಲಿ, ಇವರೆಲ್ಲಿ. ಜಾಜ್ ಹಬ್ಬಗಳಿಗೆಲ್ಲ ಹೋಗಿ ಬಂದರೂ ಅವರು ಜಾಜ್ ವಾದಕರೇ ಅಲ್ಲ ಎಂದು. ಸರಿ, ಅಲ್ಲವೇ ಅಲ್ಲ. ಅವರು ಹಾಗೆಂದು ಹೇಳಿಕೊಂಡದ್ದಾದರೂ ಯಾವಾಗ? ಜಾಜ್‌ನಲ್ಲಿ ಒಂದರ ಹಿಂದೊಂದು ಬದಲಾಗುವ ಸ್ವರಮೇಳಗಳ ಮೇಲೆ ಕಲ್ಪನೆ ಓಡುತ್ತದೆ. ನಮ್ಮಲ್ಲಿ ಶ್ರುತಿ ಒಂದೇ, ಕದಲುವುದಿಲ್ಲ, ರಾಗದೊಳಗೇ ಓಡಾಡಿ ಹೊಸದು ಹುಟ್ಟಿಸಬೇಕು. ಒಂದರ ಮೊಳಕೋಲಿನಿಂದ ಇನ್ನೊಂದನ್ನು ಅಳೆದರೆ ಎರಡೂ ಕಡಿಮೆ ಬೀಳುತ್ತವೆ. ಇಷ್ಟಕ್ಕೂ ಅಮೆರಿಕದಲ್ಲೂ ಸ್ಯಾಕ್ಸೋಫೋನ್ ಮೊದಲು ತಮಾಷೆಯ ನಾಟಕಗಳಲ್ಲಿ ವಿಚಿತ್ರ ಸದ್ದು ಹೊರಡಿಸಿ ನಗಿಸುವ ವಾದ್ಯವೇ ಆಗಿತ್ತು. ಕೋಲ್ಮನ್ ಹಾಕಿನ್ಸ್‌ನಂಥವರು ಅದರಲ್ಲಿ ಗಂಭೀರವಾಗಿ ಮಾತಾಡಿ ತೋರಿಸಿದ ಮೇಲೆ ಅದಕ್ಕೆ ಮಾನ ಬಂತು. ಅಲ್ಲಿ ಹಾಕಿನ್ಸ್ ಮಾಡಿದ ಕೆಲಸವನ್ನು ಇಲ್ಲಿ ಗೋಪಾಲನಾಥರು ಮಾಡಿದರು, ಆ ಹೋಲಿಕೆ ಬೇಕಾದರೆ ಒಪ್ಪುತ್ತೇನೆ.

ಜಾಜ್‌ನವರು ಅವರನ್ನು ಹೇಗೆ ಕಂಡರು ನೋಡಿ. 1980ರಲ್ಲಿ ಬೊಂಬಾಯಿಯ ಜಾಜ್ ಹಬ್ಬದಲ್ಲಿ ಗೋಪಾಲನಾಥರ ವಾದನ ಕೇಳಿದ ಜಾಜ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ತಾನೂ ವೇದಿಕೆಗೆ ಬಂದು ಜತೆಗೂಡಬಹುದೇ ಎಂದು ಕೇಳಿದರು. ಈ ಹ್ಯಾಂಡಿ ಸಾಮಾನ್ಯರಲ್ಲ, ಚಾರ್ಲ್ಸ್ ಮಿಂಗಸ್‌ರ ಬಳಗದಲ್ಲಿ ನುಡಿಸಿದವರು, ಉಸ್ತಾದ್ ಅಲಿ ಅಕ್ಬರ್ ಖಾನರ ಜತೆಗೂ ನುಡಿಸಿದವರು. ಕರೆಯದೆ ತಾವಾಗಿ ಬಂದರು. ಇನ್ನೊಂದು ಕತೆ ಇದಕ್ಕಿಂತ ಚೆನ್ನಾಗಿದೆ. ರುದ್ರೇಶ್ ಮಹಾಂತಪ್ಪ ಎಂದು ಅಮೆರಿಕದಲ್ಲಿ ಒಬ್ಬ ಜಾಜ್ ಸ್ಯಾಕ್ಸೋಫೋನ್ ವಾದಕ, ಹೆಸರು ಕೇಳಿದರೆ ನಮ್ಮ ಪಿರಿಯಾಪಟ್ಟಣದ ಸಂತೆಯಲ್ಲಿ ಸಿಕ್ಕ ಪರಿಚಯದವರು ಅನ್ನಿಸಬೇಕು. ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ಅವರಿಗೆ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಉಡುಗೊರೆ ಕೊಟ್ಟನಂತೆ: ಇಂಡಿಯಾದ ಸ್ಯಾಕ್ಸೋಫೋನ್, ನಗಾಡಿಕೋ ಎಂಬ ಅರ್ಥದಲ್ಲಿ. ತಮ್ಮ ನಗಲಿಲ್ಲ. ವರ್ಷಗಳಾದ ಮೇಲೆ ಗೋಪಾಲನಾಥರನ್ನೇ ಹುಡುಕಿಕೊಂಡು ಬಂದು ಕಲಿತರು, 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ 'ಕಿನ್ಸ್‌ಮೆನ್' ಆಲ್ಬಂ ಬಂತು. ಅದರಲ್ಲಿ ಪಿಟೀಲಿಗೆ ಎ. ಕನ್ಯಾಕುಮಾರಿಯವರೂ ಇದ್ದಾರೆ. ಗಮನವಿಟ್ಟು ಕೇಳಿದರೆ ಗೊತ್ತಾಗುತ್ತದೆ, ಸುತ್ತ ಏನೇ ನಡೆದರೂ ಗೋಪಾಲನಾಥರು ರಾಗದಿಂದ ಹೊರಗೆ ಕಾಲಿಡುವುದಿಲ್ಲ. ಬಗ್ಗಿ ಹತ್ತಿರ ಬರುವ ಕೆಲಸವೆಲ್ಲ ಜಾಜ್‌ನವರದ್ದೇ.

ಹಿರಿಯರ ದೂರಿಗೆ ಬರುತ್ತೇನೆ. ಇದು ಹೊಟ್ಟೆಪಾಡಿನ ವಿಷಯವಾದ್ದರಿಂದ ಹಗುರವಾಗಿ ಮಾತಾಡಬಾರದು.

ಲೋಹದ ವಾದ್ಯ, ಮ್ಲೇಚ್ಛ ವಾದ್ಯ, ಮಂಗಳಕಾರ್ಯಕ್ಕೆ ಬಾರದು ಎಂಬ ವಾದವನ್ನು ದಯವಿಟ್ಟು ಕೈಬಿಡಿ. ಪಿಟೀಲು ಎಲ್ಲಿಂದ ಬಂತು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿ ಇನ್ನೂರು ವರ್ಷದ ಮೇಲಾಯಿತು, ಈಗ ಪಿಟೀಲಿಲ್ಲದೆ ಕಚೇರಿಯೇ ಇಲ್ಲ. ನಮ್ಮದೇ ಜಿಲ್ಲೆಯ ತಿರುಮಕೂಡಲಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿನ ದನಿ ಸಭೆಯ ಕೊನೆಯವರೆಗೆ ಮುಟ್ಟುತ್ತಿಲ್ಲವೆಂದು ಏಳು ತಂತಿ ಹೂಡಿದಾಗ ಅಪಸ್ವರ ಎತ್ತಿದವರು ಕಡಿಮೆ ಇರಲಿಲ್ಲ. 1957ರಲ್ಲಿ ಅದೇ ಚೌಡಯ್ಯನವರಿಗೆ ಮದ್ರಾಸಿನ ಸಂಗೀತ ಕಲಾನಿಧಿ ಬಿರುದು ಬಂತು. ನಾದಸ್ವರದ ಮನೆತನದಿಂದಲೇ ಬಂದ ಎ.ಕೆ.ಸಿ. ನಟರಾಜನ್ ಕ್ಲಾರಿನೆಟ್ ಹಿಡಿದರು, 2008ರಲ್ಲಿ ಅವರಿಗೂ ಅದೇ ಬಿರುದು ಬಂತು. ವಾದ್ಯಕ್ಕೆ ಮಡಿ ಇಲ್ಲ ಸ್ವಾಮೀ, ಇದ್ದರೆ ಚರ್ಮದ ಡೋಲು ಗರ್ಭಗುಡಿಯ ಮುಂದೆ ಬಾರಿಸುತ್ತಿರಲಿಲ್ಲ.

ಆದರೆ "ನಮ್ಮ ಅನ್ನ ಹೋಯಿತು" ಎಂಬ ಮಾತು ಬೇರೆ. ಅದರಲ್ಲಿ ಸತ್ಯವಿದೆ. 1994ರಲ್ಲಿ ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು, ಕರ್ನಾಟಕ ಸಂಗೀತದಿಂದ ಅಲ್ಲಿಗೆ ಕರೆಸಿಕೊಂಡವರಲ್ಲಿ ಅವರೇ ಮೊದಲಿಗರು. ಪತ್ರಿಕೆಗಳು ಅದನ್ನೇ ಬರೆದವು. ಹುಣಸೂರಿನ ಮದುವೆಮನೆಗೆ ಲಂಡನ್ ಕಟ್ಟಿಕೊಂಡು ಏನಾಗಬೇಕು? ಇಲ್ಲಿಗೆ ತಟ್ಟಿದ್ದು ಅದೇ ವರ್ಷ ಬಂದ ತಮಿಳು ಸಿನಿಮಾ 'ಡ್ಯುಯೆಟ್'. ಕೆ. ಬಾಲಚಂದರ್ ನಿರ್ದೇಶನ, ಎ.ಆರ್. ರಹಮಾನ್ ಸಂಗೀತ, ನಾಯಕ ಸ್ಯಾಕ್ಸೋಫೋನ್ ವಾದಕ, ತೆರೆಯ ಹಿಂದೆ ಊದಿದವರು ಗೋಪಾಲನಾಥರು. ರಾಗದ ಮೇಲೆ ರಾಗ ನುಡಿಸಿ ತೋರಿಸಿದರೂ ಸಿನಿಮಾದವರಿಗೆ ಒಪ್ಪಿಗೆಯಾಗದೆ, ಕೊನೆಗೆ ಕಲ್ಯಾಣವಸಂತ ತೆಗೆದಾಗ "ಇದೇ ಬೇಕಾಗಿದ್ದು" ಅಂದರಂತೆ. ಆ ಕ್ಯಾಸೆಟ್ಟು ಊರೂರು ಸುತ್ತಿದ ಮೇಲೆ ಮದುವೆ ಮಾಡುವ ಯಜಮಾನನ ಆಸೆ ಬದಲಾಯಿತು. ಸ್ಯಾಕ್ಸೋಫೋನ್ ಇಟ್ಟರೆ ದೊಡ್ಡ ಮದುವೆ, ಇಲ್ಲದಿದ್ದರೆ ಸಾದಾ ಮದುವೆ. ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕ ವರ್ಷ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಲಗ್ನಗಳ ಅದ್ದೂರಿ ಹೇಗಿರುತ್ತದೆ ನಿಮಗೆ ಗೊತ್ತೇ ಇದೆ. ಆ ಅದ್ದೂರಿಯ ಪಟ್ಟಿಯಲ್ಲಿ ಸ್ಯಾಕ್ಸೋಫೋನೂ ಒಂದು ಸಾಲಾಯಿತು, ಹೂವಿನ ಅಲಂಕಾರ, ಐಸ್‌ಕ್ರೀಮಿನ ನಡುವೆ.

ಇದಕ್ಕೆ ಗೋಪಾಲನಾಥರು ಕಾರಣರೇ? ಸ್ವಲ್ಪ ಮಟ್ಟಿಗೆ ಹೌದು. ಪೂರ್ತಿ ಹೊಣೆ ಅವರ ತಲೆಗೆ ಕಟ್ಟುವುದು ಮಾತ್ರ ಅನ್ಯಾಯ. ನಾದಸ್ವರದ ಕೈ ಬಿಡಲು ನಮ್ಮ ಸೀಮೆಯಲ್ಲಿ ಬೇರೆ ಕಾರಣಗಳು ಸಾಲುಗಟ್ಟಿ ನಿಂತಿದ್ದವು. ಅದು ಎದೆ ಹಿಂಡುವ ವಾದ್ಯ, ವರ್ಷಗಟ್ಟಲೆ ಊದಿದರೂ ಒಲಿಯುವ ಖಾತ್ರಿ ಇಲ್ಲ. ದೇವಸ್ಥಾನದ ವಾದ್ಯದವರಿಗೆ ಸಿಗುವ ಸಂಭಾವನೆಯಲ್ಲಿ ಸಂಸಾರ ನಡೆಯದು. ಅದಕ್ಕಿಂತ ಮುಖ್ಯವಾಗಿ, ಪೀಪಿಯ ಜತೆ ಜಾತಿಯೂ ಅಂಟಿಕೊಂಡು ಬರುತ್ತಿತ್ತು. ಸವಿತಾ ಸಮಾಜದ ಎಷ್ಟೋ ಮನೆಗಳಲ್ಲಿ "ನನ್ನ ಮಗ ಇದನ್ನ ಹಿಡಿಯೋದು ಬೇಡ" ಎಂದು ಅಪ್ಪಂದಿರೇ ನಿರ್ಧಾರ ಮಾಡಿದ್ದರು. ಅದೇ ಹುಡುಗನ ಕೈಗೆ ಸ್ಯಾಕ್ಸೋಫೋನ್ ಬಂದಾಗ ಜನ ಅವನನ್ನು "ವಾಲಗದವನು" ಅನ್ನಲಿಲ್ಲ, "ಆರ್ಟಿಸ್ಟ್" ಅಂದರು. ಹಿತ್ತಾಳೆಯ ಕೊಳವೆಯೊಂದು ಜಾತಿಯ ನೋಟವನ್ನು ಒಂದಿಷ್ಟಾದರೂ ಬೇರೆ ಕಡೆ ತಿರುಗಿಸಿತು. ಹಿರಿಯರಿಗೆ ನೋವಾಗುವುದು ಸಹಜ, ಅದೇ ಮನೆ ಅದೇ ರಕ್ತ ಅದೇ ರಾಗ, ಆದರೂ ಮರದ ವಾದ್ಯಕ್ಕೊಂದು ಮರ್ಯಾದೆ, ಲೋಹಕ್ಕೊಂದು. ಆ ಸಿಟ್ಟು ಸರಿಯಾದದ್ದೇ. ಗುರಿ ಮಾತ್ರ ತಪ್ಪಿದೆ. ಅದು ತಗಲಬೇಕಾದದ್ದು ಛತ್ರದಲ್ಲಿ ಮುಂದಿನ ಸಾಲಿನಲ್ಲಿ ಕೂತ ನಮ್ಮಂಥವರಿಗೆ.

ಹಾಗಂತ ಗೋಪಾಲನಾಥರಲ್ಲಿ ಕುಂದೇ ಇರಲಿಲ್ಲ ಎನ್ನುವ ಭಕ್ತ ನಾನಲ್ಲ. ಚಪ್ಪಾಳೆ ಅವರನ್ನು ಕೆಡಿಸಿತು ಎಂದೇ ನನ್ನ ಭಾವನೆ, ಪೂರ್ತಿ ಅಲ್ಲ, ಅಂಚಿನಲ್ಲಿ. ಕೊನೆಕೊನೆಯ ಕಚೇರಿಗಳಲ್ಲಿ ಆಲಾಪನೆ ಮೊಟಕಾಯಿತು, ಓಡುವ ಸ್ವರಪ್ರಸ್ತಾರ ಉದ್ದವಾಯಿತು, ತವಿಲು, ಮೃದಂಗ, ಮೋರ್ಸಿಂಗ್‌ಗಳ ಸವಾಲು ಜವಾಬು ಸಭೆಯನ್ನು ಎಬ್ಬಿಸಿ ಕುಣಿಸುವ ತನಕ ಹೋಯಿತು. ಜುಗಲ್ಬಂದಿಗಳು ಬಹಳವಾದವು. ಕದನಕುತೂಹಲ ಅವರ ಕೈಯಲ್ಲಿ ಕುಣಿಯುತ್ತಿತ್ತು, ಒಪ್ಪೋಣ. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಕಂಡ ಆ ರಾಗವೇ ಬ್ಯಾಂಡಿನ ನೆಗೆತಕ್ಕೆ ಹೇಳಿ ಮಾಡಿಸಿದ್ದು. ಆದರೆ ನೆಗೆತದ ರಾಗದಲ್ಲಿ ಸ್ಯಾಕ್ಸೋಫೋನ್ ಗೆಲ್ಲುವುದು ದೊಡ್ಡ ವಿಷಯವೇ ಅಲ್ಲ, ಅದರ ಸ್ವಭಾವವೇ ಅದು. ಭಾರದ ರಾಗಗಳಲ್ಲಿ, ತೋಡಿ, ಭೈರವಿಯಂಥವುಗಳಲ್ಲಿ, ಒಳ್ಳೆಯ ನಾದಸ್ವರದ ಮುಂದೆ ಅವರ ವಾದ್ಯವೂ ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತಿತ್ತು ಎಂದರೆ ಅವರ ಶಿಷ್ಯರೂ ಒಪ್ಪಿಯಾರು. 2004ರ ಪದ್ಮಶ್ರೀ, ಅದಕ್ಕೆ ಮುಂಚಿನ ಕೇಂದ್ರ ಸಂಗೀತ ನಾಟಕ ಅಕಾಡೆ­ಮಿಯ ಗೌರವ, ಯಾವುದೂ ಈ ಮೆಟ್ಟಿಲನ್ನು ಮುಚ್ಚಲಾರದು. ಆ ವಾದ್ಯ ತನ್ನ ಮೇರೆಯನ್ನು ಮುಟ್ಟಿದ್ದು ಅವರಲ್ಲಿ. ಮೇರೆ ಇದೆ ಎಂದು ಗೊತ್ತಾದದ್ದೂ ಅವರಿಂದಲೇ.

ಹುಡುಗರೇ, ನಿಮಗೆ ಇನ್ನೂ ಎರಡು ಮಾತು, ಸಿಟ್ಟಾಗಬೇಡಿ. ನಿಮ್ಮಲ್ಲಿ ಬಹಳ ಜನ ಗೋಪಾಲನಾಥರ ಅಂಗಿಯನ್ನು ಕಲಿತಿದ್ದೀರಿ, ಸಿನಿಮಾ ಹಾಡನ್ನು ಕಲಿತಿದ್ದೀರಿ, ಮೈಕನ್ನು ವಾದ್ಯದ ಬಾಯಿಗೆ ಕಟ್ಟುವುದನ್ನೂ ಕಲಿತಿದ್ದೀರಿ. ವರ್ಣ ಎಷ್ಟು ಬರುತ್ತದೆ? ಧಾರೆಯ ಹೊತ್ತಿಗೆ ಒಂದು ಕಲ್ಯಾಣಿ ಶುರುಮಾಡಿ, ನಾಲ್ಕನೆಯ ಸಂಗತಿಗೆ ಸಾಕಾಗಿ, ಡೋಲಿನವನ ಮುಖ ನೋಡಿ ಸಿನಿಮಾ ಹಾಡಿಗೆ ಜಾರಿಕೊಳ್ಳುವುದನ್ನು ಪಕ್ಕದಲ್ಲೇ ಕೂತು ಕಂಡಿದ್ದೇನೆ. ಸಿನಿಮಾ ಹಾಡು ನುಡಿಸಬೇಡಿ ಅನ್ನುವಷ್ಟು ಮಡಿವಂತ ನಾನಲ್ಲ, ಯಜಮಾನ ಕೇಳಿದ್ದನ್ನು ಕೊಡಲೇಬೇಕು, ಬೀಗರೂಟದ ಹೊತ್ತಿಗೆ ಅದೇ ಚೆನ್ನ. ಆದರೆ ಕದ್ರಿಯವರ ಫೋಟೊ ಅಂಟಿಸಿಕೊಂಡ ಪೆಟ್ಟಿಗೆಯೊಳಗಿನ ವಾದ್ಯ ಒಂದು ಗಾಂಧಾರವನ್ನಾದರೂ ತೂಗಬೇಕಲ್ಲ? ಅವರು ಎರಡು ದಶಕ ಹೆಣಗಿದ್ದು ಆ ತೂಗಾಟಕ್ಕಾಗಿ. ಅದನ್ನು ಹೇಳಿಕೊಡಬಲ್ಲವರಿಗಾಗಿ ನೀವು ಮಂಗಳೂರಿಗೋ ಚೆನ್ನೈಗೋ ಹೋಗಬೇಕಿಲ್ಲ. ನಿಮ್ಮ ಬೀದಿಯ ಕೊನೆಯಲ್ಲಿ, ಬುಕಿಂಗ್ ಇಲ್ಲದೆ ಸಂಜೆ ಹೊತ್ತು ಜಗಲಿಯ ಮೇಲೆ ಕೂತಿರುವ ಪೀಪಿಯ ಮುದುಕರೇ ಆ ಗುರು. ಅವರ ಬಾಯಲ್ಲಿ ಹಲ್ಲು ಇಲ್ಲದಿರಬಹುದು, ಊದಲು ಆಗದಿರಬಹುದು. ಬಾಯಿಬಿಟ್ಟು ಹಾಡಿ ತೋರಿಸಿದರೆ ಸಾಕು. ಗೋಪಾಲನಾಥರೂ ಕಲಿತದ್ದು ಹಾಡಿ ತೋರಿಸುವವರಿಂದಲೇ.

ಹಿರಿಯರು "ಆ ಹುಡುಗ್ರಿಗೆ ನಾವ್ಯಾಕೆ ಹೇಳಿಕೊಡೋಣ, ನಮ್ಮ ಕೂಳು ಕಿತ್ಕೊಂಡೋರು" ಅನ್ನುತ್ತೀರಿ ಎಂದು ಗೊತ್ತು. ಪುಕ್ಕಟೆ ಹೇಳಿಕೊಡಿ ಎಂದು ನಾನೂ ಹೇಳುತ್ತಿಲ್ಲ. ನನ್ನದೊಂದು ಸೂಚನೆ ಇದೆ, ಇಷ್ಟವಾದರೆ ತೆಗೆದುಕೊಳ್ಳಿ. ಬರುವ ಲಗ್ನಗಳ ಕಾಲದಲ್ಲಿ ಸೆಟ್ಟು ಒಪ್ಪಿಕೊಳ್ಳುವಾಗಲೇ ಯಜಮಾನನಿಗೆ ಹೇಳಿಬಿಡಿ: ಸ್ಯಾಕ್ಸೋಫೋನ್ ಬೇಕಾದರೆ ನಾದಸ್ವರವೂ ಬರುತ್ತದೆ, ಎರಡೂ ಒಂದೇ ಸೆಟ್ಟು, ರೇಟು ಇಷ್ಟು. ವರಪೂಜೆ, ಆರತಕ್ಷತೆ ಸ್ಯಾಕ್ಸೋಫೋನಿನವನದು. ಬೆಳಗಿನ ಜಾವದ ಶಾಸ್ತ್ರ ಮತ್ತು ಮುಹೂರ್ತ ನಾದಸ್ವರದ್ದು. ತಾಳಿ ಕಟ್ಟುವಾಗ ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದಾಗ ಮೈಕಿನ ಹಂಗಿಲ್ಲದೆ ಛತ್ರದ ಸೂರು ಹಾರಿಸುವ ವಾದ್ಯ ಇನ್ನೊಂದಿಲ್ಲ ಎಂಬುದನ್ನು ಸ್ಯಾಕ್ಸೋಫೋನಿನ ಹುಡುಗರೂ ಗುಟ್ಟಾಗಿ ಒಪ್ಪುತ್ತಾರೆ, ನನ್ನ ಬಳಿ ಒಪ್ಪಿದ್ದಾರೆ. ಎರಡೂ ಒಂದೇ ಶ್ರುತಿಗೆ ಕೂಡಿಸುವುದು ತಾಪತ್ರಯದ ಕೆಲಸ, ವಾದ್ಯ ವಾದ್ಯಕ್ಕೂ ಶ್ರುತಿ ಬೇರೆ. ಹಾಗಾಗಿ ಜುಗಲ್ಬಂದಿಯ ಹುಚ್ಚಿಗೆ ಹೋಗಬೇಡಿ, ಸರದಿಯ ಮೇಲೆ ನುಡಿಸಿದರೆ ಸಾಕು.

ಯಜಮಾನರು ಖರ್ಚು ಜಾಸ್ತಿ ಅನ್ನಬಹುದು. ಅಂದರೆ ಐಸ್‌ಕ್ರೀಮಿನ ಬಗೆಗಳಲ್ಲಿ ಎರಡು ಕಡಿಮೆ ಮಾಡಲು ಹೇಳಿ, ನನ್ನ ಹೆಸರು ಹೇಳಿದರೂ ಅಡ್ಡಿಯಿಲ್ಲ. ಚುಂಚನಕಟ್ಟೆಯ ಜಾತ್ರೆಗೋ ಬೆಟ್ಟದಪುರದ ತೇರಿಗೋ ನೀವು ಬಂದಾಗ ಸಿಗುತ್ತೇನೆ. ಈ ಪತ್ರಕ್ಕೆ ನಿಮ್ಮ ಬೈಗುಳ ಇದ್ದರೆ ಅಲ್ಲೇ ಕೊಡಿ, ಮೊದಲು ಒಂದು ತೋಡಿ ಊದಿದ ಮೇಲೆ.

ಇತಿ ನಿಮ್ಮವ,
ವಾಲಗದ ಪಕ್ಕದ ಕುರ್ಚಿಯವ